ಹಾಲೂ ಜೇನೂ ಸಿಕ್ಕಿ ದೇವರು ಮಾತ್ರ ಬಾರದಿದ್ದರೆ?

ಬೈಬಲಿನ ವಿಮೋಚನಕಾಂಡದ 32ನೇ ಅಧ್ಯಾಯದ ಕಥೆ ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ. ಇಸ್ರಾಯೇಲ್ಯರ ನಾಯಕ ಮೋಶೆ ಸೀನಾಯಿ ಬೆಟ್ಟದಿಂದ ಇಳಿಯುವುದು ತಡವಾಯಿತು, ಜನ ಕಿವಿಯ ಓಲೆ ಬಿಚ್ಚಿಕೊಟ್ಟರು, ಅವನ ಅಣ್ಣ ಆರೋನ ಪೂಜೆಗೆ ಚಿನ್ನದ ಕರು ಮಾಡಿದ. ಬಣ್ಣದ ಚಿತ್ರ ತೋರಿಸಿ ಹೇಳಲು ಹೇಳಿ ಮಾಡಿಸಿದಂತಿದೆ. ಅದರ ಮುಂದಿನ ಅಧ್ಯಾಯದ ಮೇಲೆ ಪ್ರಸಂಗ ಕೇಳುವುದು ಮಾತ್ರ ಅಪರೂಪ. ಅಲ್ಲಿ ದೇವರು ಮೋಶೆಗೆ ಹೇಳುವ ಮಾತಿನ ಸಾರ ಇಷ್ಟು: ಹೊರಡಿ, ನಿಮ್ಮ ಹಿರಿಯರಿಗೆ ಮಾತು ಕೊಟ್ಟ ಕಾನಾನ್ ದೇಶ ನಿಮಗೆ ಸಿಗುತ್ತದೆ. ದೂತನನ್ನು ಮುಂದೆ ಕಳುಹಿಸುತ್ತೇನೆ, ಅಲ್ಲಿರುವ ಶತ್ರುಗಳನ್ನು ಓಡಿಸುತ್ತೇನೆ. ಹಾಲೂ ಜೇನೂ ಹರಿಯುವ ನಾಡಿಗೆ ಹೋಗಿ. ಆದರೆ ನಾನು ನಿಮ್ಮ ಜೊತೆ ಬರುವುದಿಲ್ಲ.

ಇದರಲ್ಲಿ ಕೊರತೆ ಏನಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಭೂಮಿ ಸಿಕ್ಕಿತು, ಶತ್ರುಗಳ ಕಾಟ ತಪ್ಪಿತು, ಬೆಳೆಗೆ ಮೋಸವಿಲ್ಲ, ದಾರಿ ತೋರಿಸಲು ದೇವದೂತನೇ ಇದ್ದಾನೆ. ನಮ್ಮ ದಾವಣಗೆರೆಯ ಕ್ರೈಸ್ತ ಕುಟುಂಬವೊಂದಕ್ಕೆ ಇಷ್ಟು ಸಿಕ್ಕರೆ ಅದೇ ಭಾನುವಾರ ಮುಂದೆ ಬಂದು ಸಾಕ್ಷಿ ಹೇಳಿ, ಕೃತಜ್ಞತೆಯ ಕಾಣಿಕೆ ಕೊಟ್ಟು, ಮಧ್ಯಾಹ್ನ ಇಡೀ ಸಭೆಗೆ ಬಿರಿಯಾನಿ ಹಾಕಿಸುತ್ತದೆ. ಆದರೆ ಮೊನ್ನೆ ಮೊನ್ನೆ ಕರುವಿನ ಮುಂದೆ ಕುಣಿದಿದ್ದ ಆ ಹಠಮಾರಿ ಜನ ಈ ಮಾತು ಕೇಳಿ ದುಃಖಪಟ್ಟರು. ಯಾರೂ ಮೈಮೇಲೆ ಒಡವೆ ಹಾಕಿಕೊಳ್ಳಲಿಲ್ಲ. ಮೋಶೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ನೀವು ಬರುವುದಿಲ್ಲವಾದರೆ ನಮ್ಮನ್ನು ಇಲ್ಲಿಂದ ಹೊರಡಿಸಲೇ ಬೇಡಿ ಎಂದ. ಇಲ್ಲಿ ಎಂದರೆ ಎಲ್ಲಿ? ಸೀನಾಯಿಯ ಬೆಂಗಾಡಿನಲ್ಲಿ. ದೇವರಿಲ್ಲದ ಕಾನಾನ್ ದೇಶಕ್ಕಿಂತ ದೇವರಿರುವ ಬೆಂಗಾಡೇ ವಾಸಿ ಎಂದು ಅವನು ಆರಿಸಿಕೊಂಡ.

ನನ್ನ ತಕರಾರು ಇದರ ಸುತ್ತಲೇ. ಆ ಮಾತು ಇವತ್ತು ನಮಗೆ ಬಂದರೆ ನಾವು ಅಳುತ್ತೇವೆಯೋ, ‘ಸ್ತೋತ್ರ’ ಎನ್ನುತ್ತೇವೆಯೋ?

ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಪ್ರಾರ್ಥನಾ ವಿನಂತಿಯ ಚೀಟಿಗಳನ್ನು ಓದುವ ಕೆಲಸ ನನ್ನದು. ಟೀಚರ್ ಆಗಿರುವುದರಿಂದ ಯಾರ ಕೈಬರಹವನ್ನಾದರೂ ಬಿಡಿಸಿ ಓದುತ್ತೇನೆ ಎಂಬ ನಂಬಿಕೆ ಅವರಿಗೆ. ಮಗನಿಗೆ ದುಬೈ ವೀಸಾ ಬರಲಿ. ಪಿಡಿಒ ಪರೀಕ್ಷೆಯಲ್ಲಿ ಹೆಸರು ಬರಲಿ. ಇ-ಸ್ವತ್ತು ಬೇಗ ಆಗಲಿ. ಮೈಕ್ರೋ ಫೈನಾನ್ಸ್ ಕಂತು ಕಟ್ಟಲು ದಾರಿಯಾಗಲಿ. ಸೊಸೆಗೆ ಈ ಸಲವಾದರೂ ಗರ್ಭ ನಿಲ್ಲಲಿ. ಮಂಡಿ ನೋವು, ಸಕ್ಕರೆ ಕಾಯಿಲೆ, ಕುಡಿಯುವ ಗಂಡ, ಬೋರ್‌ವೆಲ್‌ಗೆ ನೀರು. ಒಂದೊಂದು ಚೀಟಿಯ ಹಿಂದೆಯೂ ಒಂದು ಮನೆ ಇದೆ, ಆ ಮನೆಯ ಕಷ್ಟ ನನಗೆ ಗೊತ್ತು, ಯಾವುದನ್ನೂ ಹಗುರವಾಗಿ ಓದಿದವಳಲ್ಲ. ಆದರೂ ಇಷ್ಟೆಲ್ಲ ಚೀಟಿಗಳ ನಡುವೆ ‘ನನಗೆ ದೇವರು ಬೇಕು’ ಎಂದು ಬರೆದದ್ದು ಒಂದೂ ಇರುವುದಿಲ್ಲ.

ಒಂದು ಇತ್ತು. ಮಂಡಕ್ಕಿ ಭಟ್ಟಿಗೆ ಬೆಳಗಿನ ಜಾವವೇ ಕೆಲಸಕ್ಕೆ ಹೋಗುವ ಒಬ್ಬ ಅಜ್ಜಿ ನಮ್ಮ ಸಭೆಯಲ್ಲಿದ್ದಾರೆ. ಅವರ ಪರವಾಗಿ ಮೊಮ್ಮಗಳು ನೋಟ್‌ಬುಕ್ಕಿನ ಹಾಳೆ ಹರಿದು ಬರೆದಿದ್ದಳು: ‘ಅಜ್ಜಿ ಪ್ರಾರ್ಥನೆಗೆ ಕೂತರೆ ತೂಕಡಿಕೆ ಬರುತ್ತದೆ. ಯೇಸಪ್ಪನ ಜೊತೆ ಮಾತು ಅರ್ಧಕ್ಕೇ ನಿಲ್ಲುತ್ತದಂತೆ. ನಿದ್ದೆ ಬಾರದ ಹಾಗೆ ಪ್ರಾರ್ಥಿಸಿ.’ ನಾನು ಓದಿದಾಗ ಎಲ್ಲರೂ ನಕ್ಕರು, ಅಜ್ಜಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವರಿಗೂ ಮಂಡಿ ನೋವಿದೆ, ಅದರ ಚೀಟಿಯೂ ಹಿಂದೆ ಬಂದಿತ್ತು. ಆದರೆ ಮಾತು ಅರ್ಧಕ್ಕೆ ನಿಂತದ್ದು ಅವರಿಗೆ ಒಂದು ನಷ್ಟವಾಗಿ ಕಂಡಿತಲ್ಲ, ನಾನು ಹೇಳಹೊರಟಿರುವುದು ಅದನ್ನೇ.

ಕೇಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲೇ ಅನುದಿನದ ಆಹಾರದ ಬೇಡಿಕೆ ಇದೆ. ಅದು ತಂದೆಯ ಹೆಸರು, ರಾಜ್ಯ, ಚಿತ್ತ ಎಲ್ಲ ಆದ ಮೇಲೆ ಬರುತ್ತದೆ ಎಂಬುದನ್ನು ಮಾತ್ರ ನಾವು ಗಮನಿಸುವುದಿಲ್ಲ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಸೇರುವ ಜನಸಾಗರ ನೋಡಿದವರಿಗೆ ಗೊತ್ತು, ಮೇಣದ ಬತ್ತಿ ಹಿಡಿದು ನಿಂತವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ. ಕಷ್ಟ ಜನರನ್ನು ಎಳೆದು ತರುತ್ತದೆ. ಯೇಸು ಸಹ ಕಷ್ಟ ಹೇಳಿಕೊಂಡು ಬಂದವರಿಗೆ ಮೊದಲು ದೇವಶಾಸ್ತ್ರ ಕಲಿತು ಬನ್ನಿ ಎನ್ನಲಿಲ್ಲ. ಆದರೆ ಐದು ರೊಟ್ಟಿಯಿಂದ ಸಾವಿರಾರು ಜನರಿಗೆ ಉಣಿಸಿದ ಅದ್ಭುತದ ಮರುದಿನ ಹುಡುಕಿಕೊಂಡು ಬಂದ ಗುಂಪಿಗೆ ಆತ ಮುಖಕ್ಕೆ ಹೊಡೆದಂತೆ ಹೇಳಿದ್ದೂ ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ: ನೀವು ನನ್ನನ್ನು ಹುಡುಕುತ್ತಿರುವುದು ರೊಟ್ಟಿ ತಿಂದು ಹೊಟ್ಟೆ ತುಂಬಿದ್ದರಿಂದ. ಆಮೇಲೆ ತಾನೇ ಜೀವದ ರೊಟ್ಟಿ ಎಂದಾಗ ಆ ಅಧ್ಯಾಯ ಮುಗಿಯುವ ಹೊತ್ತಿಗೆ ಬಹಳ ಜನ ಬಿಟ್ಟು ಹೋದರು. ರೊಟ್ಟಿ ಬೇಕಿತ್ತು, ರೊಟ್ಟಿ ಕೊಟ್ಟವನು ಬೇಕಿರಲಿಲ್ಲ.

ಈಗ ಪಿ.ಬಿ. ರಸ್ತೆಯ ಫ್ಲೆಕ್ಸ್‌ಗಳನ್ನು ಓದಿಕೊಂಡು ಹೋಗಿ. ಅದ್ಭುತಗಳ ರಾತ್ರಿ, ಆಶೀರ್ವಾದದ ಮಹೋತ್ಸವ, ಸಾಲದಿಂದ ಬಿಡುಗಡೆ. ಭಾಷಣಕಾರರ ಕೋಟು ಒಂದಕ್ಕಿಂತ ಒಂದು ಮಿಂಚುತ್ತದೆ. ನಮ್ಮ ಸಾಕ್ಷಿಗಳೂ ಅದೇ ಧಾಟಿಯವು. ಕಾರು ಬಂತು, ಸೈಟು ಬಂತು, ದೇವರು ಒಳ್ಳೆಯವರು. ಕೆಲಸ ಹೋಯಿತು, ಆದರೂ ದೇವರು ಸಾಕಾದರು ಎಂದು ಯಾರಾದರೂ ಮೈಕ್ ಹಿಡಿದರೆ ಮುಂದಿನ ಸಾಲಿನವರು ಗಡಿಯಾರ ನೋಡಿಕೊಳ್ಳುತ್ತಾರೆ. ಬೈಬಲಿನ 37ನೇ ಕೀರ್ತನೆಯ 4ನೇ ವಚನ ನಮ್ಮ ಕ್ಯಾಲೆಂಡರ್‌ಗಳ ಮೇಲೆ, ಆಟೋಗಳ ಹಿಂದೆ ಎಲ್ಲ ಕಡೆ ಇದೆ. ಯೆಹೋವನಲ್ಲಿ ಆನಂದಿಸು, ಆತನು ನಿನ್ನ ಮನಸ್ಸಿನ ಬಯಕೆ ಈಡೇರಿಸುತ್ತಾನೆ ಎಂಬುದು ಅದರ ಭಾವ. ನಾವು ಮೊದಲ ಅರ್ಧವನ್ನು ಶುಲ್ಕ, ಎರಡನೆಯ ಅರ್ಧವನ್ನು ಮಾಲು ಎಂದು ಓದುತ್ತೇವೆ. ಆತನಲ್ಲಿ ನಿಜವಾಗಿ ಆನಂದಿಸುವವನ ಮೊದಲ ಬಯಕೆ ಆತನೇ ಆಗಿರುತ್ತಾನೆ ಎಂಬ ಸರಳ ವಿಷಯ ನಮಗೆ ಹೊಳೆಯುವುದೇ ಇಲ್ಲ.

ಇನ್ನೊಂದು ಪಂಗಡದವರ ಮೇಲೂ ನನಗೆ ಸಿಟ್ಟಿದೆ. ಇವರಿಗೆ ಲೋಕದ ಸುಖ ಬಿಡುವುದೆಂದರೆ ಹೆಂಗಸರ ಕಿವಿ, ಕೈ, ಜಡೆ ಬರಿದಾಗುವುದು. ಓಲೆ ಬೇಡ, ಬಳೆ ಬೇಡ, ಹೂ ಬೇಡ, ಸಿನಿಮಾ ಬೇಡ. ಗಂಡಸರ ಬಡ್ಡಿ ವ್ಯವಹಾರದ ಬಗ್ಗೆ ಇಷ್ಟೇ ಜೋರಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಸೀನಾಯಿಯ ಬುಡದಲ್ಲಿ ಜನ ಒಡವೆ ಹಾಕಿಕೊಳ್ಳದೇ ಉಳಿದದ್ದು ಯಾರೋ ನಿಯಮಾವಳಿ ಓದಿ ಹೇಳಿದ್ದಕ್ಕಲ್ಲ, ದೇವರು ಜೊತೆಗೆ ಬರುವುದಿಲ್ಲ ಎಂಬ ಸಂಕಟಕ್ಕೆ. ಸಾವಿನ ಮನೆಯಲ್ಲಿ ಯಾರಿಗೂ ಸಿಂಗಾರ ಬೇಡ ಎಂದು ಹೇಳಿಕೊಡಬೇಕಾಗಿಲ್ಲವಷ್ಟೆ. ಒಡವೆ ತೆಗೆದು ಇಡಿ ಎಂದು ದೇವರೂ ಅಲ್ಲಿ ಹೇಳುತ್ತಾರೆ, ನಿಜ, ಆದರೆ ಆ ದುಃಖ ಇಲ್ಲದೆ ಬರೀ ಓಲೆ ಬಿಚ್ಚಿದರೆ ಕಿವಿ ಖಾಲಿಯಾಗುತ್ತದೆ, ಮನಸ್ಸಲ್ಲ. ಮುಟ್ಟಬೇಡ, ರುಚಿ ನೋಡಬೇಡ ಎಂಬ ಕಟ್ಟಳೆಗಳು ಶರೀರದ ಆಸೆಯನ್ನು ಹತ್ತಿಕ್ಕಲು ಏನೇನೂ ಪ್ರಯೋಜನವಿಲ್ಲ ಎಂದು ಅಪೊಸ್ತಲ ಪೌಲ ಕೊಲೊಸ್ಸೆ ಊರಿನ ಸಭೆಯವರಿಗೆ ಆಗಲೇ ಬರೆದಿದ್ದಾನೆ.

ಬೆಣ್ಣೆ ದೋಸೆಯ ಊರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸೌದೆ ಒಲೆಯ ಕಾವಲಿಯ ಮೇಲೆ ಬೆಣ್ಣೆ ಬಿದ್ದಾಗ ಏಳುವ ಆ ವಾಸನೆಯನ್ನು ಸೈತಾನನ ಲೆಕ್ಕಕ್ಕೆ ಬರೆಯಲು ನಾನು ತಯಾರಿಲ್ಲ. ಬಾಯಿಯ ರುಚಿ ಕೊಟ್ಟವರೂ ದೇವರೇ. ಕೃತಜ್ಞತೆಯಿಂದ ತಿಂದ ದೋಸೆ ಪ್ರಾರ್ಥನೆಗೆ ಅಡ್ಡ ಬರುವುದಿಲ್ಲ. ಅಡ್ಡ ಬರುವುದು, ದೋಸೆ ಮುಗಿದ ಮೇಲೂ ಇನ್ನೇನೋ ಬೇಕು ಎಂದು ರಾತ್ರಿ ಹನ್ನೆರಡರವರೆಗೆ ಮೊಬೈಲ್ ತಿಕ್ಕುತ್ತಾ ಕೂರುವ ಆ ಹಸಿವು. ಅದಕ್ಕೆ ಹೆಸರಿಲ್ಲ, ಗುರಿಯೂ ಇಲ್ಲ.

ನಮ್ಮ ಸೀಮೆಯಲ್ಲಿ ಇದು ಹೊಸ ಮಾತೇನಲ್ಲ. ಹೊನ್ನು, ಹೆಣ್ಣು, ಮಣ್ಣು ಮಾಯೆಯಲ್ಲ, ಮನದ ಮುಂದಣ ಆಸೆಯೇ ಮಾಯೆ ಎಂದು ಅಲ್ಲಮಪ್ರಭು 12ನೇ ಶತಮಾನದಲ್ಲೇ ಹೇಳಿದ್ದನ್ನು ನಮ್ಮ ಶಾಲೆಯ ಮಕ್ಕಳೂ ಹೇಳುತ್ತಾರೆ. ರೋಗ ಎಲ್ಲಿದೆ ಎಂಬುದನ್ನು ಅದಕ್ಕಿಂತ ಚೊಕ್ಕವಾಗಿ ಹೇಳುವುದು ಕಷ್ಟ. ಬೈಬಲ್ ಅದರ ಪಕ್ಕದಲ್ಲಿ ಕೂತು ಇನ್ನೊಂದು ಮಾತು ಸೇರಿಸುತ್ತದೆ ಎಂದು ನನಗೆ ಅನಿಸುತ್ತದೆ. ಆಸೆಯನ್ನು ಕೊಲ್ಲು ಎನ್ನುವುದಿಲ್ಲ, ನಿನ್ನ ಆಸೆ ತೀರಾ ಚಿಕ್ಕದಾಯಿತು, ಇನ್ನೂ ದೊಡ್ಡದನ್ನು ಆಸೆಪಡು ಎನ್ನುತ್ತದೆ. ಹೊಲದಲ್ಲಿ ಹೂತಿಟ್ಟ ನಿಧಿ ಕಂಡವನು ಇದ್ದದ್ದನ್ನೆಲ್ಲ ಮಾರಿ ಆ ಹೊಲ ಕೊಂಡ ಎಂದು ಮತ್ತಾಯ 13ರಲ್ಲಿದೆ. ಮಾರಿದ್ದು ಸಂತೋಷದಿಂದ ಎಂದು ಯೇಸು ಸ್ಪಷ್ಟವಾಗಿ ಹೇಳುತ್ತಾರೆ. ಹಲ್ಲು ಕಚ್ಚಿಕೊಂಡಲ್ಲ, ಪಾಸ್ಟರ್ ಏನೆಂದುಕೊಳ್ಳುತ್ತಾರೋ ಎಂದಲ್ಲ. 1647ರಲ್ಲಿ ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸಿದ್ಧವಾದ ಕ್ರೈಸ್ತ ಬೋಧನೆಯ ಪ್ರಶ್ನೋತ್ತರದ ಮೊದಲ ಪ್ರಶ್ನೆಯೇ ಮನುಷ್ಯನ ಮುಖ್ಯ ಗುರಿ ಏನು ಎಂಬುದು. ದೇವರನ್ನು ಮಹಿಮೆಪಡಿಸುವುದು ಮತ್ತು ಎಂದೆಂದಿಗೂ ಆತನಲ್ಲಿ ಆನಂದಿಸುವುದು ಎಂಬುದು ಉತ್ತರ. ಅಷ್ಟು ಗಂಭೀರ ಜನ ಆನಂದ ಎಂಬ ಮಾತನ್ನು ಮೊದಲ ಸಾಲಿನಲ್ಲೇ ಇಟ್ಟರು, ನಾವು ಅದನ್ನು ಹಬ್ಬದ ಊಟಕ್ಕೆ ಮೀಸಲಿಟ್ಟೆವು.

ಆದರೆ ಆ ಬಯಕೆ ಬರುವುದು ಹೇಗೆ? ಬಾ ಎಂದರೆ ಬರುವಂಥದ್ದಲ್ಲವಲ್ಲ. 4ನೇ ಶತಮಾನದ ಕ್ರೈಸ್ತ ಸಂತ ಅಗಸ್ಟೀನ್ ತನ್ನ ಯೌವನದ ಪ್ರಾರ್ಥನೆಯನ್ನು ನಾಚಿಕೆಯಿಲ್ಲದೆ ಬರೆದಿಟ್ಟಿದ್ದಾನೆ: ನನಗೆ ಶುದ್ಧತೆ ಕೊಡು, ಆದರೆ ಈಗಲೇ ಬೇಡ. ಅಷ್ಟು ಪ್ರಾಮಾಣಿಕತೆ ನಮ್ಮ ಉದ್ದುದ್ದ ಪ್ರಾರ್ಥನೆಗಳಲ್ಲಿ ಇದ್ದಿದ್ದರೆ ಅರ್ಧ ದಾರಿ ಸಾಗಿದಂತೆ ಆಗುತ್ತಿತ್ತು. 73ನೇ ಕೀರ್ತನೆ ಹಾಡಿದ ಆಸಾಫನೂ ಅಂಥವನೇ. ದುಷ್ಟರು ಕೊಬ್ಬಿ ಸುಖವಾಗಿರುವುದನ್ನು ಕಂಡು ಹೊಟ್ಟೆ ಉರಿಯಿತು ಎಂದು ಒಪ್ಪಿಕೊಳ್ಳುತ್ತಾನೆ. ದೇವಾಲಯದ ಒಳಗೆ ಹೋದ ಮೇಲೆ ಅವನ ಮಾತಿನ ದಿಕ್ಕೇ ಬದಲಾಗುತ್ತದೆ, ಭೂಲೋಕದಲ್ಲಿ ನಿನ್ನನ್ನು ಬಿಟ್ಟು ನನಗೆ ಬೇರೆ ಯಾರೂ ಬೇಡ ಎನ್ನುತ್ತಾನೆ. ದುಷ್ಟರ ಸಂಪತ್ತು ಅಷ್ಟು ಹೊತ್ತಿಗೆ ಕರಗಿರಲಿಲ್ಲ. ಇವನು ಒಳಗೆ ಹೋಗಿ ಬಂದಿದ್ದ.

ಒಳಗೆ ಹೋಗಲಿಕ್ಕೆ ನಮ್ಮಲ್ಲಿರುವ ಬಾಗಿಲು ಉಪವಾಸ. ಅದನ್ನೇ ನಾವು ಕೆಡಿಸಿಟ್ಟಿದ್ದೇವೆ. ಇಂಥ ಕೆಲಸ ಆಗಬೇಕು, ಅದಕ್ಕೆ ಮೂರು ದಿನ ಉಪವಾಸ. ಇನ್ನೂ ಆಗಲಿಲ್ಲ, ಏಳು ದಿನ. ಜಿಲ್ಲಾಧಿಕಾರಿ ಕಚೇರಿಯ ಮುಂದೆ ಶಾಮಿಯಾನ ಹಾಕಿ ಬೇಡಿಕೆ ಈಡೇರುವವರೆಗೆ ಧರಣಿ ಕೂರುತ್ತಾರಲ್ಲ, ನಮ್ಮ ಶುಕ್ರವಾರವೂ ಹಾಗೇ ಆಗಿದೆ. ಬೇಡಿಕೆಯ ಪಟ್ಟಿ ಇದೆ, ಘೋಷಣೆ ಇದೆ, ಕೊನೆಗೆ ಎಳನೀರು ಕುಡಿದು ಏಳುವುದೂ ಇದೆ. ನಿನ್ನ ಶಿಷ್ಯರು ಯಾಕೆ ಉಪವಾಸ ಮಾಡುವುದಿಲ್ಲ ಎಂದು ಕೇಳಿದಾಗ ಯೇಸು ಕೊಟ್ಟ ಕಾರಣ ಬೇರೆಯೇ ಆಗಿತ್ತು. ಮದುಮಗ ಜೊತೆಯಲ್ಲಿರುವಾಗ ದಿಬ್ಬಣದವರು ಉಪವಾಸ ಇರುತ್ತಾರೆಯೇ? ಮದುಮಗನನ್ನು ಅವರಿಂದ ತೆಗೆದುಬಿಡುವ ದಿನ ಬರುತ್ತದೆ, ಆಗ ಉಪವಾಸ ಮಾಡುತ್ತಾರೆ ಎಂದರು. ಎಂದರೆ ಕ್ರೈಸ್ತ ಉಪವಾಸದ ಮೂಲ ಬೇಡಿಕೆಯಲ್ಲ, ಅಗಲಿಕೆ. ಮದುಮಗನಾದ ಯೇಸು ಜೊತೆಯಲ್ಲಿಲ್ಲ, ಆದ್ದರಿಂದ ಊಟ ಸೇರುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹೊಟ್ಟೆ ಚುರುಗುಟ್ಟಿದಾಗ ‘ವೀಸಾ ಬೇಗ ಬರಲಿ’ ಎನ್ನುವುದಕ್ಕೂ ‘ಈ ಅನ್ನಕ್ಕಿಂತ ನೀವು ಬೇಕು’ ಎನ್ನುವುದಕ್ಕೂ ಎಷ್ಟು ಅಂತರ! ಎರಡನೆಯದನ್ನು ಹೇಳಲು ಮೊದಮೊದಲು ಬಾಯಿ ತಡವರಿಸುತ್ತದೆ, ಏಕೆಂದರೆ ಅದು ಪೂರ್ತಿ ನಿಜವಲ್ಲ ಎಂದು ನಮಗೇ ಗೊತ್ತಿರುತ್ತದೆ. ಪರವಾಗಿಲ್ಲ. ಅದನ್ನೂ ಆತನಿಗೇ ಹೇಳಬಹುದು.

ಇದೆಲ್ಲ ಹೊಟ್ಟೆ ತುಂಬಿದವರ ಮಾತು ಎನ್ನುವವರಿದ್ದಾರೆ. ಸಂಬಳ ಬರುವ ಟೀಚರ್ ಹೇಳಬಹುದು, ಕಂತು ಕಟ್ಟುವವಳಿಗೆ ಇದು ದಕ್ಕುತ್ತದೆಯೇ ಎಂದು ನಮ್ಮ ಅಣ್ಣನೇ ಕೇಳಿದ. ನ್ಯಾಯವಾದ ಪ್ರಶ್ನೆ. ದುಡಿದವರಿಗೆ ಕೂಲಿ ಕೊಡದೆ ‘ದೇವರನ್ನೇ ಬಯಸಿರಿ’ ಎಂದು ಉಪದೇಶ ಮಾಡುವವರ ಬಾಯಿಗೆ ಬೀಗ ಹಾಕಲು ಯಾಕೋಬನ ಪತ್ರದ 5ನೇ ಅಧ್ಯಾಯ ಸಾಕು. ಆದರೆ ಈ ಬಯಕೆಯ ಹಾಡುಗಳನ್ನು ಬರೆದವರು ಯಾರು ಎಂದು ನೋಡಿ. 63ನೇ ಕೀರ್ತನೆ ಯೆಹೂದದ ಅರಣ್ಯದಲ್ಲಿ, ನೀರಿಲ್ಲದ ನೆಲದಲ್ಲಿ ಹುಟ್ಟಿದ್ದು. ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೆಯ ವಚನಗಳನ್ನು ನಾನು ಹಿರಿಯೂರು ಕಡೆಯ ನನ್ನ ತವರಿನಲ್ಲಿ 2023ರ ಬರದ ವರ್ಷ ಓದಿದೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಬಿಡದಿದ್ದರೂ, ಹೊಲ ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ನಾನು ಯೆಹೋವನಲ್ಲಿ ಉಲ್ಲಾಸಿಸುವೆನು ಎಂಬ ಭಾವದ ಮಾತುಗಳು. ಅಂಜೂರದ ಜಾಗದಲ್ಲಿ ಶೇಂಗಾ, ದ್ರಾಕ್ಷಿಯ ಜಾಗದಲ್ಲಿ ಒಣಗಿದ ಅಡಿಕೆ ಗಿಡ ಇಟ್ಟುಕೊಂಡು ಕೇಳುತ್ತಿದ್ದ ನನ್ನ ದೊಡ್ಡಪ್ಪ ‘ಇವನು ರೈತನೇ ಇರಬೇಕು’ ಎಂದರು. ಹಬಕ್ಕೂಕ ಬಡವರಿಗೆ ಸಮಾಧಾನ ಹೇಳಲು ಬಂದ ಸಾಹುಕಾರನಂತೆ ಅವರಿಗೆ ಕೇಳಿಸಲಿಲ್ಲ. ಹಾಗೆ ನೋಡಿದರೆ ದೇವರನ್ನು ಬಿಟ್ಟು ಬೇರೇನೂ ಕೈಗೆ ಸಿಗದವರಿಗೂ ಉಳಿಯುವ ಸುಖ ಇದೊಂದೇ. ಬಡವರಿಗೆ ಇದು ದಕ್ಕುವುದಿಲ್ಲ ಎಂದು ತೀರ್ಮಾನಿಸಿ ಅವರಿಗೆ ಬರೀ ಸೈಟಿನ ಆಸೆ ಹಂಚುವುದು ನನಗೆ ಹೆಚ್ಚು ಅವಮಾನಕರವಾಗಿ ಕಾಣುತ್ತದೆ.

ನಮ್ಮ ಸಭೆಯ ಪಾಸ್ಟರ್ ಅಯ್ಯನವರ ಮುಂದೆ ಒಂದು ಸಲಹೆ ಇಟ್ಟಿದ್ದೇನೆ. ಚೀಟಿಗಳನ್ನು ಮೊದಲ ಒಂದು ಗಂಟೆಯಲ್ಲಿ ಓದಿ ಮುಗಿಸೋಣ, ಒಂದನ್ನೂ ಬಿಡುವುದು ಬೇಡ. ಕೊನೆಯ ಅರ್ಧ ಗಂಟೆ ಯಾರೂ ಏನನ್ನೂ ಕೇಳುವುದು ಬೇಡ, ಒಂದು ಕೀರ್ತನೆ ಓದಿ ಸುಮ್ಮನೆ ಆತನ ಮುಂದೆ ಕೂರೋಣ. ‘ಟೀಚರ್, ಒಳ್ಳೆಯದೇ, ಆದರೆ ಬರುವವರು ಕಡಿಮೆಯಾಗುತ್ತಾರೆ’ ಎಂದರು ಅಯ್ಯನವರು. ‘ಯೋಹಾನ 6ರಲ್ಲೂ ಕಡಿಮೆಯಾದರು ಅಯ್ಯನವರೇ’ ಎಂದೆ. ನಕ್ಕರು, ಒಪ್ಪಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಈ ವಿಷಯ ಸಭೆಯ ಕಮಿಟಿಗೆ ಹೋಗಬೇಕಂತೆ. ಕಮಿಟಿ ಸೇರುವ ತನಕ ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಆ ಅರ್ಧ ಗಂಟೆ ನಮ್ಮ ಮನೆಯ ಹಾಲ್‌ನಲ್ಲಿ ನಡೆಯುತ್ತದೆ. ಅಜ್ಜಿ ಬರುತ್ತೇನೆ ಎಂದಿದ್ದಾರೆ, ತೂಕಡಿಸಿದರೆ ತಿವಿದು ಎಬ್ಬಿಸುವ ಜವಾಬ್ದಾರಿ ಮೊಮ್ಮಗಳದ್ದು.