ಆ ಚಿತ್ರ ಅಲ್ಲೇ ಇರಲಿ ಬಿಡಿ

ಮೈಸೂರಿಗೆ ಹೋಗಿ ಬಂದವರನ್ನು ಕೇಳಿ ನೋಡಿ, ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿದ್ದೀರಾ ಅಂತ. ಬಹಳ ಜನ ಹೂಂ ಅಂತಾರೆ. ಸ್ಕೂಲ್ ಟ್ರಿಪ್ಪಿನಲ್ಲಿ ನೋಡಿದವರು, ಮದುವೆಯಾದ ಹೊಸದರಲ್ಲಿ ನೋಡಿದವರು, ಈಗ ಮೊಮ್ಮಕ್ಕಳಿಗೆ ತೋರಿಸಿಕೊಂಡು ಬಂದವರು. ಬರೆದವರು ಯಾರು ಅಂದರೆ ಅರ್ಧಕ್ಕರ್ಧ ಜನ ರವಿವರ್ಮ ಅಂತಾರೆ. ಅಲ್ಲ, ಅದು ಎಸ್.ಎಲ್. ಹಲ್ದಣಕರ್ ಅವರು 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದದ್ದು. ದೀಪ ಹಿಡಿದು ನಿಂತವರು ಅವರ ಮಗಳು. ಹೆಸರು ತಪ್ಪಿದರೂ ಚಿತ್ರ ಮಾತ್ರ ಯಾರಿಗೂ ಮರೆತಿಲ್ಲ. ಬೆರಳ ಸಂದಿನಲ್ಲಿ ಬೆಳಕು ಕೆಂಪಾಗಿ ಕಾಣುವುದನ್ನು ಕೈ ಮಾಡಿ ತೋರಿಸುತ್ತಾರೆ.

ಕಲೆ ಗಿಲೆ ನಮಗೆ ಅರ್ಥ ಆಗಲ್ಲ ಅನ್ನುವ ಜನವೇ ಇವರು. ಹಾಗಾದರೆ ಈ ಒಂದು ಚಿತ್ರ ಹೇಗೆ ಮನಸ್ಸಿನಲ್ಲಿ ನಿಂತಿತು? ಚಿತ್ರ ಚೆನ್ನಾಗಿದೆ, ಸರಿ. ಆದರೆ ನನಗೆ ಕಾಣುವ ಮುಖ್ಯ ಕಾರಣ ಬೇರೆ. ಅದು ಯಾವಾಗ ಹೋದರೂ ಅಲ್ಲಿ ಇರುತ್ತದೆ. ಕತ್ತಲು ಕೋಣೆ, ಅದೇ ಗೋಡೆ. ಅಪ್ಪ ನೋಡಿದ ಚಿತ್ರವನ್ನೇ ಮಗಳೂ ನೋಡುತ್ತಾಳೆ. ಹೋಗುವ ಮೊದಲೇ ಮನೆಯಲ್ಲಿ ಯಾರೋ ‘ಅದೊಂದನ್ನು ಮಾತ್ರ ಬಿಡಬೇಡಿ’ ಅಂತ ಹೇಳಿ ಕಳಿಸಿರುತ್ತಾರೆ.

ಇದನ್ನು ಇಟ್ಟುಕೊಂಡೇ ನಾನು ಬೆಂಗಳೂರಿನ ಮಾತಿಗೆ ಬರುತ್ತೇನೆ. ನಮ್ಮೂರಿನ ಯಾವ ಆಧುನಿಕ ಚಿತ್ರದ ಬಗ್ಗೆ ಯಾರಾದರೂ ಹೀಗೆ ಹೇಳಿ ಕಳಿಸುತ್ತಾರೆ?

ಅರಮನೆ ರಸ್ತೆಯಲ್ಲಿ ಮೌಂಟ್ ಕಾರ್ಮೆಲ್ ಕಾಲೇಜಿನ ಕಡೆ ಓಡಾಡುವವರು ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ (ಎನ್‌ಜಿಎಂಎ) ಗೇಟನ್ನು ನೋಡಿಯೇ ಇರುತ್ತೀರಿ. ಒಳಗೆ ಹೋದವರು ಎಷ್ಟು ಜನ ಅನ್ನೋದು ಬೇರೆ ವಿಷಯ. ಅದು ಮಾಣಿಕ್ಯವೇಲು ಮ್ಯಾನ್ಶನ್. ಗಣಿಗಾರಿಕೆಯಲ್ಲಿ ದುಡ್ಡು ಮಾಡಿದ ರಾಜಾ ಮಾಣಿಕ್ಯವೇಲು ಮುದಲಿಯಾರರ ಮನೆಯಾಗಿತ್ತು. ಆಮೇಲೆ ಸರ್ಕಾರದ ಕೈಗೆ ಬಂತು. ಹಳೇ ಬಂಗಲೆ, ದೊಡ್ಡ ಮರಗಳನ್ನು ಹಾಗೇ ಉಳಿಸಿಕೊಂಡು ಪಕ್ಕದಲ್ಲಿ ಹೊಸ ಕಟ್ಟಡ ಸೇರಿಸಿ 2009ರ ಫೆಬ್ರವರಿಯಲ್ಲಿ ಬಾಗಿಲು ತೆರೆದರು. ದೆಹಲಿಯ ಜೈಪುರ ಹೌಸ್‌ನಲ್ಲಿ 1954ರಲ್ಲಿ, ಮುಂಬೈಯಲ್ಲಿ 1996ರಲ್ಲಿ, ಮೂರನೆಯದು ನಮಗೆ. ದಕ್ಷಿಣಕ್ಕೆ ಇರುವುದು ಇದೊಂದೇ. ಸುಮಾರು ಮೂರೂವರೆ ಎಕರೆ ಜಾಗ, ಭಾರತೀಯರಿಗೆ ಟಿಕೆಟ್ 20 ರೂಪಾಯಿ. ದರ್ಶಿನಿಯಲ್ಲಿ ಒಂದು ಕಾಫಿ ದುಡ್ಡು, ಅಷ್ಟೇ.

ಹಾಗಾಗಿ ಜಾಗದ ಬಗ್ಗೆ ನನ್ನದು ತಕರಾರಿಲ್ಲ. ಟಿಕೆಟ್ ಬಗ್ಗೆಯೂ ಇಲ್ಲ. ನನ್ನ ತಕರಾರು ಒಟ್ಟಾರೆ ನಮ್ಮ ಸಾರ್ವಜನಿಕ ಗ್ಯಾಲರಿಗಳು ಯೋಚಿಸುವ ರೀತಿಯ ಮೇಲೆ. ಎಲ್ಲರಿಗೂ ‘ಹೊಸ ಪ್ರದರ್ಶನ’ದ ಗೀಳು. ಬ್ಯಾನರ್ ಬದಲಾಗುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಲೆಕ್ಕ. ಉದ್ಘಾಟನೆ, ರಿಬ್ಬನ್, ಟೀ, ಫೋಟೋ. ತಿಂಗಳು ಕಳೆಯುವುದರೊಳಗೆ ಎಲ್ಲ ಕೆಳಗಿಳಿಸಿ ಇನ್ನೊಂದು. ದೇವಸ್ಥಾನದಲ್ಲಿ ಉತ್ಸವಮೂರ್ತಿ ಊರೆಲ್ಲ ಸುತ್ತಲಿ, ಬೇಡ ಅನ್ನಲ್ಲ. ಆದರೆ ಗರ್ಭಗುಡಿಯ ಮೂಲಮೂರ್ತಿಯನ್ನೂ ಎತ್ತಿಕೊಂಡು ಹೋದರೆ ಬಂದ ಭಕ್ತರು ಎಲ್ಲಿಗೆ ಕೈ ಮುಗಿಯಬೇಕು?

ನಮ್ಮ ಅತ್ತೆಯವರು ಊರಿಂದ ಬಂದಿದ್ದಾಗ ಹೀಗೇ ಆಯಿತು. ಅವರದು ಉಡುಪಿ ಕಡೆ. ಚಿತ್ರ ಕಲಾವಿದ ಕೆ.ಕೆ. ಹೆಬ್ಬಾರರು ಉಡುಪಿ ಹತ್ತಿರದ ಕಟ್ಟಿಂಗೇರಿಯವರು, 1911ರಲ್ಲಿ ಹುಟ್ಟಿದವರು. ನಮ್ಮೂರ ಪಕ್ಕದ ಹುಡುಗ ಮುಂಬೈಗೆ ಹೋಗಿ ದೊಡ್ಡ ಹೆಸರು ಮಾಡಿದ ಅನ್ನುವ ಅಭಿಮಾನ ಅತ್ತೆಗೆ. ಗೆರೆಯಲ್ಲಿ ಲಯ ಹಿಡಿಯಬೇಕು ಅಂತ ಹೆಬ್ಬಾರರು ಕಥಕ್ ಕಲಿತದ್ದನ್ನು ನಾನು ಹೇಳಿದಾಗ ಅವರಿಗೆ ಇನ್ನೂ ಖುಷಿ. ಹಿಂದೊಮ್ಮೆ ಒಂದು ಗ್ಯಾಲರಿಯಲ್ಲಿ (ಹೆಸರು ಬೇಡ) ಹೆಬ್ಬಾರರ ಚಿತ್ರ ನೋಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ಬಿಸಿಲಲ್ಲಿ ಆಟೋ ಮಾಡಿಕೊಂಡು ಹೋದೆವು. ಆ ಗೋಡೆಯಲ್ಲಿ ಬೇರೇನೋ ಇತ್ತು.

ಕಾವಲಿನವರನ್ನು ಕೇಳಿದೆ. “ಅದು ತೆಗ್ದ್ರು ಮೇಡಂ. ಬೇರೆ ಎಕ್ಸಿಬಿಷನ್ ಬಂತಲ್ಲ.”

“ಮತ್ತೆ ಯಾವಾಗ ಹಾಕ್ತಾರೆ?”

“ಅದು ನಮಗೆ ಹೇಳಲ್ಲ ಮೇಡಂ.”

ಅತ್ತೆ ನನ್ನ ಮುಖ ನೋಡಿ, “ಹಾಗಾದ್ರೆ ನಾವು ಬಂದದ್ದು ಎಂತಕ್ಕೆ ಮಾರಾಯ್ತಿ?” ಅಂದರು. ಆ ಕಾವಲಿನವರ ತಪ್ಪೇನಿಲ್ಲ ಬಿಡಿ. ಇಡೀ ಕಟ್ಟಡದಲ್ಲಿ ಜನರ ಜೊತೆ ಮಾತಾಡುವವರು ಅವರೊಬ್ಬರೇ, ಅವರಿಗೇ ಯಾರೂ ಏನೂ ಹೇಳುವುದಿಲ್ಲ.

ಇದಕ್ಕೆ ಗ್ಯಾಲರಿಯವರ ಹತ್ತಿರ ಉತ್ತರ ಇದೆ, ಅದರಲ್ಲಿ ನ್ಯಾಯವೂ ಇದೆ. ಮೊದಲನೆಯದು ಜಾಗ. ಮೂರೂ ಊರು ಸೇರಿ ಎನ್‌ಜಿಎಂಎ ಸಂಗ್ರಹದಲ್ಲಿ ಸುಮಾರು 17,000 ಕೃತಿಗಳಿವೆ. ಬೆಂಗಳೂರಿನಲ್ಲಿ ಶುರುವಿನ ಪ್ರದರ್ಶನಕ್ಕೆ ಹಾಕಿದ್ದು ಸುಮಾರು 500. ಎಲ್ಲವನ್ನೂ ಯಾರೂ ಒಟ್ಟಿಗೆ ತೋರಿಸಲಾರರು. ಎರಡನೆಯದು ಇನ್ನೂ ಗಟ್ಟಿ ಕಾರಣ, ಬೆಳಕು. ಕಾಗದದ ಮೇಲಿನ ಜಲವರ್ಣ ಬೆಳಕಿಗೆ ಮಾಸುತ್ತದೆ. ಒಮ್ಮೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಅದಕ್ಕೇ ಅಂಥ ಚಿತ್ರಗಳ ಮೇಲೆ ಸುಮಾರು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಬಿದ್ದರೆ ಸಾಕು ಅನ್ನುತ್ತಾರೆ. ಕಣ್ಣು ಹೊಂದಿಕೊಳ್ಳಲು ಒಂದು ನಿಮಿಷ ಬೇಕು, ಅಷ್ಟು ಮಂದ. ನಡುನಡುವೆ ಕೆಳಗಿಳಿಸಿ ಕತ್ತಲಲ್ಲಿ ವಿಶ್ರಾಂತಿ ಕೊಡಬೇಕು.

ಒಪ್ಪಿದೆ. ಆದರೆ ತೈಲವರ್ಣಕ್ಕೆ ಅದರ ಮೂರು ನಾಲ್ಕು ಪಟ್ಟು ಬೆಳಕು ತಡೆಯುತ್ತದೆ. ಕಂಚಿಗೂ ಕಲ್ಲಿಗೂ ಬೆಳಕಿನ ಭಯವೇ ಇಲ್ಲ. ಅವನ್ನು ಯಾಕೆ ಅಡಗಿಸಿಡಬೇಕು? ಕಾಗದದ ಚಿತ್ರ ಇಳಿಸಲೇಬೇಕಾದರೆ ಇಳಿಸಿ. ಅದೇ ಜಾಗದಲ್ಲಿ ಅದೇ ಕಲಾವಿದರ ಇನ್ನೊಂದು ಚಿತ್ರ ಹಾಕಿ, ಇಂಥ ತಿಂಗಳು ವಾಪಸ್ ಬರುತ್ತದೆ ಅಂತ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿ. ಇದಕ್ಕೆ ಎಷ್ಟು ಬಜೆಟ್ ಬೇಕು ಹೇಳಿ?

ಒಂದೇ ಚಿತ್ರವನ್ನು ಮತ್ತೆ ಮತ್ತೆ ನೋಡಿದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ. ಕೆ. ವೆಂಕಟಪ್ಪ, 1886ರಿಂದ 1965. ಮೈಸೂರಿನ ಚಿತ್ರಗಾರರ ಮನೆತನ. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ವಾಪಸ್ ಬಂದು ವೀಣೆ ಶೇಷಣ್ಣನವರ ಹತ್ತಿರ ವೀಣೆಗೆ ಕೂತವರು. ಮದುವೆಯಾಗಲಿಲ್ಲ, ಚಿತ್ರಗಳನ್ನು ಮಾರಿಕೊಂಡು ಓಡಾಡಲಿಲ್ಲ. ಅವರ ಊಟಿಯ ಜಲವರ್ಣ ಚಿತ್ರಗಳು ಗಾತ್ರದಲ್ಲಿ ದೊಡ್ಡವಲ್ಲ. ಮೊದಲ ಸಲ ನೋಡಿದಾಗ ಕ್ಯಾಲೆಂಡರ್ ಚಿತ್ರ ಅನ್ನಿಸಿ ಮುಂದೆ ಹೋಗಿಬಿಟ್ಟಿದ್ದೆ. ಇನ್ನೊಮ್ಮೆ ಹೋದಾಗ ಮಳೆಗೆ ಸಿಕ್ಕಿಬಿದ್ದು ಸುಮ್ನೆ ಅದರ ಎದುರೇ ನಿಂತಿದ್ದೆ. ಆಗ ಕಂಡಿತು: ಎಷ್ಟು ಹತ್ತಿರ ಹೋದರೂ ಕುಂಚದ ಗುರುತು ಸಿಗುವುದಿಲ್ಲ. ಮಂಜು ಎಲ್ಲಿ ಮುಗಿದು ಗುಡ್ಡ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಪಕ್ಕದಲ್ಲಿ ಅವರದೇ ಪ್ಲಾಸ್ಟರ್ ಉಬ್ಬುಶಿಲ್ಪಗಳು. ಎಡಕ್ಕೆ ಎರಡು ಹೆಜ್ಜೆ ಸರಿದರೆ ನೆರಳು ಬದಲಾಗಿ ಮುಖದ ಭಾವವೇ ಬೇರೆ. ಇದೆಲ್ಲ ಒಂದು ಭೇಟಿಗೆ ಸಿಗುವಂಥದ್ದಲ್ಲ.

ಖಾಸಗಿ ಗ್ಯಾಲರಿಯಿಂದ ಇದನ್ನು ಕೇಳಲಾಗದು. ಅವರಿಗೆ ಮಾರಾಟ ಆಗಬೇಕು. ಆದ ಮೇಲೆ ಚಿತ್ರ ಯಾರದೋ ಮನೆಯ ಹಾಲ್‌ನಲ್ಲಿ. ಮುಂದಿನ ವರ್ಷ ಬಂದರೂ ಇದು ಇಲ್ಲೇ ಇರುತ್ತದೆ ಅಂತ ಮಾತು ಕೊಡಬಲ್ಲದ್ದು ಸಾರ್ವಜನಿಕ ಗ್ಯಾಲರಿ. ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಮಾತು ಬಂದಾಗ 2016ರಲ್ಲಿ ಕಲಾವಿದರು ಬೀದಿಗಿಳಿದರಲ್ಲ, ಅದು ನನಗೆ ಸರಿ ಅನ್ನಿಸಿದ್ದು ಈ ಕಾರಣಕ್ಕೆ. ಖಾಸಗಿಯವರು ಕೆಟ್ಟವರು ಅಂತಲ್ಲ. ಅದೇ ರಸ್ತೆಯಲ್ಲಿ 2023ರಲ್ಲಿ ಶುರುವಾದ ಖಾಸಗಿ ಮ್ಯೂಸಿಯಂ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ನೋಡಿ, ಅಚ್ಚುಕಟ್ಟಾಗಿದೆ. ಆದರೆ ಅದು ಅವರ ಸಂಗ್ರಹ, ಅವರ ಇಷ್ಟ. ಇದು ನಮ್ಮದು.

ಕಲಾವಿದ ಗೆಳೆಯರು ಈಗ ಕೇಳುತ್ತಾರೆ, ಹಳಬರನ್ನೇ ಖಾಯಂ ಮಾಡಿದರೆ ನಮ್ಮ ಚಿತ್ರ ಎಲ್ಲಿ ಹಾಕೋದು ಅಂತ. ನಿಜವಾದ ಪ್ರಶ್ನೆ. ಬೆಂಗಳೂರಿನ ಎಷ್ಟೋ ಜನರ ಮೊದಲ ಪ್ರದರ್ಶನ ನಡೆದದ್ದೇ ವೆಂಕಟಪ್ಪದ ಕಡಿಮೆ ಬಾಡಿಗೆಯ ಹಾಲ್‌ಗಳಲ್ಲಿ. ಆ ಹಾಲ್‌ಗಳು ಹಾಗೇ ಇರಲಿ. ನಾನು ಕೇಳುತ್ತಿರುವುದು ಇಡೀ ಕಟ್ಟಡವನ್ನಲ್ಲ, ಒಂದು ಕೋಣೆಯನ್ನು. ಖಾಯಂ ಅಂದರೆ ಹಳಬರೇ ಅಂತಲೂ ಇಲ್ಲ.

ಪಕ್ಕದ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಸ್ಕೂಲ್ ಬಸ್‌ಗಳು ಸಾಲಾಗಿ ನಿಂತಿರುವುದನ್ನು ನೋಡಿರುತ್ತೀರಿ. ಮಕ್ಕಳು ಕ್ಯೂನಲ್ಲಿ ಹೋಗಿ ಇಂಜಿನ್ನು, ಗಾಜಿನ ಚೆಂಡು ಎಲ್ಲ ನೋಡಿ, ಹೊರಗೆ ಐಸ್‌ಕ್ರೀಂ ತಿಂದು ಬಸ್ ಹತ್ತುತ್ತಾರೆ. ಕೂಗಳತೆಯ ಚಿತ್ರಶಾಲೆಗೆ ಮೇಷ್ಟ್ರು ಕರೆದುಕೊಂಡು ಹೋಗುವುದು ಅಪರೂಪ. ಮೇಷ್ಟ್ರನ್ನು ಬೈಯುವ ಮೊದಲು ಯೋಚಿಸಿ, ಒಳಗೆ ಏನಿರುತ್ತದೆ ಅಂತ ಅವರಿಗೆ ಮೊದಲೇ ಗೊತ್ತಾಗುವುದಾದರೂ ಹೇಗೆ? ಅಲ್ಲಿ ವಿಜ್ಞಾನದ ಮ್ಯೂಸಿಯಂನಲ್ಲಿ ಇಂಜಿನ್ನು ಎಲ್ಲೂ ಓಡಿಹೋಗಿರುವುದಿಲ್ಲ. ಕಲೆಗೂ ಅಂಥದ್ದೊಂದು ಗ್ಯಾರಂಟಿ ಬೇಕು.

ನನ್ನನ್ನು ಕೇಳಿದರೆ ಆ ಕೋಣೆಗೆ ಐದು ಜನ ಸಾಕು. ವೆಂಕಟಪ್ಪನವರ ಊಟಿ ಒಂದು, ಸರದಿಯ ಮೇಲೆ. ಹೆಬ್ಬಾರರದು ಒಂದು, ಅತ್ತೆಗೋಸ್ಕರ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದ ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯನವರದು ಒಂದು. ಅವರು ಬರೆದ ರಸ್ತೆಗಳಲ್ಲೇ ಈಗ ನಾವು ಟ್ರಾಫಿಕ್‌ನಲ್ಲಿ ನಿಲ್ಲುವುದು. ಕೆನ್ ಕಲಾ ಶಾಲೆ ಕಟ್ಟಿ ಒಂದು ತಲೆಮಾರನ್ನೇ ಬೆಳೆಸಿದ ಆರ್.ಎಂ. ಹಡಪದರದು ಒಂದು. ಐದನೆಯದು ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರದು. ಸೂಜಿಗಳಿಗೆ ದಾರ ಪೋಣಿಸಿ, ಅಂಟು ಕುಂಕುಮ ಬಳಿದು, ಕೆಂಪು ಹಗ್ಗ ಮಾಡಿ ಕೋಣೆ ತುಂಬ ಹರಿಯಬಿಟ್ಟವರು. ತುದಿಯಲ್ಲಿ ಸೂಜಿಗಳು ಹಾಗೇ ಗೊಂಚಲಾಗಿ ನೇತಾಡುತ್ತಿರುತ್ತವೆ. ಅರ್ಥ ಆಗಲ್ಲ ಅನ್ನುವವರಿಗೂ ಕುಂಕುಮ ಗೊತ್ತು, ಸೂಜಿ ಚುಚ್ಚಿದರೆ ನೋಯುವುದೂ ಗೊತ್ತು.

ಅವರನ್ನು ಯಾಕೆ ಬಿಟ್ಟಿರಿ, ಇವರನ್ನು ಯಾಕೆ ಹಾಕಿದಿರಿ ಅಂತ ಜಗಳ ಮಾಡುವವರು ಮಾಡಿ, ಪಟ್ಟಿ ಬದಲಾಯಿಸೋಣ. ನನ್ನದು ಒಂದೇ ಷರತ್ತು. ಪಟ್ಟಿ ಒಪ್ಪಿಕೊಂಡ ಮೇಲೆ ಹತ್ತು ವರ್ಷ ಆ ಗೋಡೆಯ ಮೊಳೆ ಕೀಳುವ ಹಾಗಿಲ್ಲ.