ಹೊಳೆದಂಡೆಯ ಗಾಜಿನ ಚೂರು

ರೋಡ್ ಟ್ರಿಪ್‌ನಲ್ಲಿ ನಾಯಿ ಜೊತೆ ಹೊಳೆ ಪಕ್ಕ ಟೆಂಟ್ ಹಾಕಬೇಕು ಅಂದರೆ ಮೊದಲು ಬಾಟಲಿ ಚೂರು ಹೆಕ್ಕಬೇಕು. ಯಾರೋ ಕುಡಿದು, ಬಾಟಲಿಯನ್ನು ಕಲ್ಲಿಗೆ ಹೊಡೆದು ಹೋಗಿರುತ್ತಾರೆ. ದೊಡ್ಡ ಚೂರು ಕಣ್ಣಿಗೆ ಬೀಳುತ್ತದೆ, ಮರಳಲ್ಲಿ ಹೂತಿದ್ದು ಬೀಳುವುದಿಲ್ಲ. ನಮಗೆ ಚಪ್ಪಲಿ ಇದೆ, ನಾಯಿಗೆ ಬರಿಗಾಲು ಅಲ್ವಾ? ಅದರ ಅಂಗಾಲಿನಲ್ಲಿ ರಕ್ತನಾಳ ಜಾಸ್ತಿ, ಸ್ವಲ್ಪ ಕುಯ್ದರೂ ರಕ್ತ ಬೇಗ ನಿಲ್ಲುವುದಿಲ್ಲ. ನಮ್ಮದು ಕಳೆದ ಸಲ ಕುಂಟುತ್ತಾ ಬಂದು ಕಾಲೆತ್ತಿ ನಿಂತಿತು. ಟಾರ್ಚ್ ಬೆಳಕಲ್ಲಿ ಚೂರು ತೆಗೆದು, ಬಟ್ಟೆ ಒತ್ತಿ ಹಿಡಿದು ಕಟ್ಟು ಹಾಕಿದೆವು. ಅದನ್ನೂ ನೆಕ್ಕಿ ನೆಕ್ಕಿ ಬಿಚ್ಚಿಕೊಂಡಿತು. ರಾತ್ರಿಯಿಡೀ ನರಳಿತು, ಪಾಪ. ಗಾಳದವರು ಬಿಟ್ಟುಹೋಗುವ ಕೊಕ್ಕೆಗಳ ಕಾಟ ಬೇರೆ. ತುಂಬಿದ ಬಾಟಲಿಯನ್ನು ಅಷ್ಟು ದೂರ ಹೊತ್ತು ತರುವವರಿಗೆ ಖಾಲಿಯದ್ದನ್ನು ವಾಪಸ್ ಒಯ್ಯಲು ಏನು ಕಷ್ಟ?