ಮೇಕೆ ಬಾಡಿಗೆ ಅಂದ್ರೆ ನಗಬೇಡಿ

ಅಮೆರಿಕದ ಪಾಡ್‌ಕಾಸ್ಟ್‌ನವರು (ಇಂಟರ್ನೆಟ್‌ನಲ್ಲಿ ಕೇಳುವ ಮಾತಿನ ಕಾರ್ಯಕ್ರಮ ನಡೆಸುವವರು) ಈ ಶೋ ಬಿಟ್ಟು ಮೇಕೆ ಬಾಡಿಗೆಗೆ ಕೊಡ್ತೀವಿ ಅಂತ ತಮಾಷೆ ಮಾಡುವುದನ್ನು ಬರೆದಿದ್ದೀರಿ, ಓದಿ ನಕ್ಕೆ. ಆದರೆ ಅಲ್ಲಿ ಇದು ನಿಜವಾಗಿಯೂ ನಡೆಯುವ ಕಸುಬು. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಕಾಲ ಬರುವ ಮುಂಚೆ ನಗರಾಡಳಿತದವರೇ ದುಡ್ಡು ಕೊಟ್ಟು ಮೇಕೆ ಮಂದೆ ಕರೆಸುತ್ತಾರೆ. ಗುಡ್ಡದ ಸುತ್ತ ಕರೆಂಟ್ ಬೇಲಿ ಹಾಕಿ ಬಿಟ್ಟರೆ ಬೆಂಕಿ ಹಿಡಿಯುವ ಒಣಹುಲ್ಲು, ಮುಳ್ಳುಪೊದೆ ಎಲ್ಲ ಖಾಲಿ. ಯಂತ್ರ ಹೋಗದ ಇಳಿಜಾರಿನಲ್ಲೂ ಅವು ಆರಾಮಾಗಿ ಮೇಯುತ್ತವೆ. ಕಾಯುವವರು ಎಷ್ಟೋ ಕಡೆ ಪೆರು ದೇಶದಿಂದ ಬಂದವರು, ಮಂದೆಯ ಪಕ್ಕದಲ್ಲೇ ಟ್ರೇಲರ್‌ನಲ್ಲಿ ವಾಸ. ನಮ್ಮಲ್ಲೂ ಹೊಲದಲ್ಲಿ ಕುರಿ ತರುಬಿಸಿಕೊಂಡು, ಗೊಬ್ಬರಕ್ಕೆ ಬದಲಾಗಿ ದುಡ್ಡೋ ಕಾಳೋ ಕೊಡುವ ರೂಢಿ ಇದೆ ಅಲ್ವಾ?

ನನ್ನ ಕೇಳಿದರೆ ಇದಕ್ಕಿಂತ ಜಾಸ್ತಿ ತಮಾಷೆ ಅನಿಸೋದು 'ಸ್ಮಾರ್ಟ್‌ಲೆಸ್' ಪಾಡ್‌ಕಾಸ್ಟಿನ ಕಥೆ. ಜೇಸನ್ ಬೇಟ್‌ಮನ್, ಶಾನ್ ಹೇಯ್ಸ್, ವಿಲ್ ಆರ್ನೆಟ್ ಮೂವರೂ ನಟರು. 2025ರಲ್ಲಿ ಸೀದಾ ಮೊಬೈಲ್ ಸೇವೆಯನ್ನೇ ಶುರು ಮಾಡಿದರು! ನೆಟ್‌ವರ್ಕ್ ಟಿ-ಮೊಬೈಲ್ ಅನ್ನೋ ಕಂಪನಿಯದು, ಪ್ಲಾನ್ ಆರಂಭ ತಿಂಗಳಿಗೆ 15 ಡಾಲರ್. ಶೋ ಮಾತ್ರ ಬಿಡಲಿಲ್ಲ, ಜಾಣರು. ಬಿಟ್ಟರೆ ಅಷ್ಟು ಜನರ ಕಿವಿಗೆ ಪುಕ್ಕಟೆ ಜಾಹೀರಾತು ಎಲ್ಲಿ ಸಿಗುತ್ತೆ?